ಚಿಕ್ಕ ಕಡಲೂರಿನಲ್ಲಿ ವರ್ಷವಿಡೀ ನೆಲೆಸಿದವರಿಗೆ ಸಿಗುವ ಸುಖಗಳು ಯಾವುವು?

ಒಳನಾಡಿಗ:

ಎಲ್ಲ ಸದಸ್ಯರಿಗೂ ನಮಸ್ಕಾರ. ನಾನೂ ನನ್ನ ಹೆಂಡತಿಯೂ ನಿವೃತ್ತಿಯ ನಂತರ ಸಮುದ್ರದಂಡೆಯ ಯಾವುದಾದರೂ ಸಣ್ಣ ಊರಿನಲ್ಲಿ ನೆಲೆಸಬೇಕೆಂದು ಯೋಚಿಸುತ್ತಿದ್ದೇವೆ. ಇಬ್ಬರೂ ಹುಟ್ಟಿ ಬೆಳೆದದ್ದು ಕಡಲಿನಿಂದ ಬಹುದೂರದಲ್ಲಿ. ರಜೆಗೆಂದು ಹೋದಾಗ ಕಂಡ ಸಮುದ್ರವೇ ಬೇರೆ, ದಿನವೂ ಬಾಗಿಲು ತೆರೆದರೆ ಎದುರಾಗುವ ಸಮುದ್ರವೇ ಬೇರೆ ಎಂದು ಅನೇಕರು ಎಚ್ಚರಿಸಿದ್ದಾರೆ. ಆದ್ದರಿಂದ ಈಗಾಗಲೇ ಅಂಥ ಊರುಗಳಲ್ಲಿ ವಾಸಿಸುತ್ತಿರುವವರಿಂದ ಒಂದು ವಿಷಯವನ್ನು ತಿಳಿಯಬಯಸುತ್ತೇನೆ. ಸೂರ್ಯಾಸ್ತ, ಅಲೆಗಳ ಸದ್ದು, ತಂಗಾಳಿ ಇವನ್ನು ನಾವೇ ಊಹಿಸಿಕೊಳ್ಳಬಲ್ಲೆವು. ಹೊಸತನ ಹಳಸಿದ ಮೇಲೂ, ಪ್ರವಾಸಿಗರೆಲ್ಲ ಹಿಂದಿರುಗಿದ ಮೇಲೂ ನಿಮಗೆ ದಿನನಿತ್ಯ ಸಿಗುತ್ತಿರುವ ಸಣ್ಣ ಸುಖಗಳು ಯಾವುವು?

ಉಪ್ಪುಗಾಳಿ:

ಒಳನಾಡಿಗರೇ, ಸೂರ್ಯಾಸ್ತವನ್ನು ನೀವಾಗಿಯೇ ಬದಿಗಿಟ್ಟದ್ದು ಒಳ್ಳೆಯದಾಯಿತು. ಮೊದಲ ಕೆಲವು ವಾರ ಅದಕ್ಕಾಗಿಯೇ ದಂಡೆಗೆ ಹೋಗುತ್ತೇವೆ. ಆಮೇಲೆ ಅದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚಿತ್ರದಂತೆ, ಅಲ್ಲಿದೆಯೆಂದು ಗೊತ್ತಿರುತ್ತದೆ, ಕಣ್ಣು ಮಾತ್ರ ಅತ್ತ ಹೋಗುವುದಿಲ್ಲ. ನನ್ನ ಅನುಭವದಲ್ಲಿ ಹಳಸದೆ ಉಳಿಯುವುದು ಉಬ್ಬರವಿಳಿತ.

ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ಹಾದಿಯಲ್ಲಿ ಮುಂದೆ ಸರಿದಿರುತ್ತಾನೆ. ನಾವು ನಿಂತ ಜಾಗ ಮತ್ತೆ ಅವನ ನೇರಕ್ಕೆ ಬರಲು ಇನ್ನೂ ಸುಮಾರು 50 ನಿಮಿಷ ಬೇಕು. ಹೀಗಾಗಿ ಇಂದು ಬೆಳಗ್ಗೆ 6 ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಅದು 7 ಗಂಟೆಯ ಹತ್ತಿರಕ್ಕೆ ಹೋಗುತ್ತದೆ, ವಾರ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಬಂದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಒಂದೆರಡು ದಿನಗಳ ನಂತರ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಪ್ಪೆಯಾಗುತ್ತದೆ.

ಇದೆಲ್ಲ ಶಾಲೆಯ ಪಾಠದ ಹಾಗೆ ಕಾಣಬಹುದು. ಆದರೆ ಸಣ್ಣ ಕಡಲೂರಿನಲ್ಲಿ ಇದು ಇಡೀ ಊರಿನ ದಿನಚರಿಯನ್ನು ನಿರ್ಧರಿಸುತ್ತದೆ. ದೋಣಿ ಅಳಿವೆಯನ್ನು ದಾಟುವ ಹೊತ್ತು, ಬಂಡೆಗಳ ನಡುವಿನ ಕೊಳಗಳಲ್ಲಿ ಮಕ್ಕಳು ಇಣುಕುವ ಹೊತ್ತು, ಗಟ್ಟಿ ಮರಳಿನ ಮೇಲೆ ವಯಸ್ಸಾದವರು ಕಾಲು ನೋಯಿಸಿಕೊಳ್ಳದೆ ನಡೆಯಬಹುದಾದ ಹೊತ್ತು ಇವೆಲ್ಲವೂ ದಿನದಿನಕ್ಕೆ ಸರಿಯುತ್ತವೆ. ಪೇಟೆಯಲ್ಲಿದ್ದಾಗ ನಾನು ಪ್ರತಿದಿನ ಅದೇ ಹೊತ್ತಿಗೆ ಅದೇ ಬೀದಿಯಲ್ಲಿ ನಡೆಯುತ್ತಿದ್ದೆ. ಇಲ್ಲಿ ನಡಿಗೆ ಕೆಲವೊಮ್ಮೆ ಮುಂಜಾನೆಗೆ, ಕೆಲವೊಮ್ಮೆ ಇಳಿಹೊತ್ತಿಗೆ. ಅದನ್ನು ತೀರ್ಮಾನಿಸುವವನು ನಾನಲ್ಲ ಎಂಬುದರಲ್ಲಿ ಒಂದು ವಿಚಿತ್ರವಾದ ನಿರಾಳವಿದೆ. ನೆರೆಯವರೊಂದಿಗೆ ಭೇಟಿಯನ್ನು ಗೊತ್ತುಮಾಡುವಾಗಲೂ ‘ನೀರು ಇಳಿದ ಮೇಲೆ ಸಿಗೋಣ’ ಎಂದರೆ ಸಾಕು, ಇಬ್ಬರಿಗೂ ಅರ್ಥವಾಗುತ್ತದೆ.

ಇನ್ನೊಂದು ಮಾತು: ಎಲ್ಲ ತೀರಗಳಲ್ಲೂ ಈ ಸುಖ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು ಸುಮಾರು 16 ಮೀಟರಿನವರೆಗೆ ಏರಿಳಿಯುತ್ತದೆ; ಮೆಡಿಟರೇನಿಯನ್ ಸಮುದ್ರದ ಬಹುತೇಕ ದಂಡೆಗಳಲ್ಲಿ ಅದು ಗಮನಕ್ಕೇ ಬಾರದಷ್ಟು ಕಡಿಮೆ. ಊರನ್ನು ಆರಿಸುವ ಮೊದಲು ಅಲ್ಲಿನ ಉಬ್ಬರವಿಳಿತದ ಪಟ್ಟಿಯನ್ನೊಮ್ಮೆ ನೋಡಿ.

ಮರಳೇಡಿ:

ಉಪ್ಪುಗಾಳಿ ಅವರು ನೀರಿನ ಮಾತಾಡಿದರು, ನಾನು ಅದು ಬಿಟ್ಟುಹೋಗುವ ಮರಳಿನ ಬಗ್ಗೆ ಹೇಳುತ್ತೇನೆ.

ನೀರು ಇಳಿದ ಅರ್ಧ ಗಂಟೆಯಲ್ಲಿ ನಮ್ಮ ದಂಡೆಯ ಮೇಲೆ ಬಟಾಣಿಗಿಂತ ಚಿಕ್ಕದಾದ ಮರಳಿನ ಉಂಡೆಗಳು ಸಾವಿರಗಟ್ಟಲೆ ಹರಡಿಕೊಂಡಿರುತ್ತವೆ. ಇವು ಬೆರಳ ಉಗುರಿನಷ್ಟು ದೊಡ್ಡ ಏಡಿಗಳ ಕೆಲಸ. ಏಡಿ ಬಿಲದಿಂದ ಹೊರಬಂದು, ಮೇಲ್ಪದರದ ಮರಳನ್ನು ಚಿಮಟಗಳಿಂದ ಎತ್ತಿ ಬಾಯಿಗೆ ತುಂಬಿಕೊಳ್ಳುತ್ತದೆ, ಕಣಗಳಿಗೆ ಅಂಟಿಕೊಂಡಿರುವ ಪಾಚಿ ಮುಂತಾದ ಜೀವಾಂಶಗಳನ್ನು ಸೋಸಿ ತಿನ್ನುತ್ತದೆ, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಒಮ್ಮೆ ಸೋಸಿದ ಮರಳನ್ನು ಮತ್ತೆ ಸೋಸದಂತೆ ಬಿಲದಿಂದ ನೇರ ಸಾಲು ಹಿಡಿದು ಸಾಗುವುದರಿಂದ ಬಿಲದ ಸುತ್ತ ಉಂಡೆಗಳು ಸೂರ್ಯನ ಕಿರಣಗಳ ಆಕಾರದಲ್ಲಿ ಜೋಡಣೆಯಾಗುತ್ತವೆ. ನಮ್ಮ ನೆರಳು ಬಿದ್ದರೆ ಎಲ್ಲವೂ ಕ್ಷಣಮಾತ್ರದಲ್ಲಿ ಮಾಯ. ಕದಲದೆ ಒಂದೆರಡು ನಿಮಿಷ ಕುಕ್ಕರಗಾಲಿನಲ್ಲಿ ಕೂತರೆ ಮೊದಲು ಕಣ್ಣುಗಳು, ಆಮೇಲೆ ಒಂದು ಚಿಮಟ, ಆಮೇಲೆ ಪೂರ್ತಿ ಏಡಿ ಹೊರಬಂದು ನಿಲ್ಲಿಸಿದ ಕಡೆಯಿಂದಲೇ ಕೆಲಸವನ್ನು ಮುಂದುವರಿಸುತ್ತದೆ. ಮುಂದಿನ ಉಬ್ಬರ ಎಲ್ಲವನ್ನೂ ಒರೆಸಿಹಾಕುತ್ತದೆ.

ಮತ್ತೊಂದನ್ನು ನೀವು ಯಾವ ತೀರದಲ್ಲಿ ಬೇಕಾದರೂ ನೋಡಬಹುದು. ನೀರು ಆಗತಾನೆ ಹಿಂದೆ ಸರಿದ, ಇನ್ನೂ ಹೊಳೆಯುತ್ತಿರುವ ಒದ್ದೆ ಮರಳಿನ ಮೇಲೆ ಕಾಲಿಟ್ಟ ಕೂಡಲೇ ಪಾದದ ಸುತ್ತಲಿನ ಮರಳು ಬೆಳ್ಳಗೆ ಒಣಗಿದಂತೆ ಕಾಣುತ್ತದೆ; ಕಾಲೆತ್ತಿದರೆ ಹೆಜ್ಜೆಯಲ್ಲಿ ನೀರು ನಿಂತಿರುತ್ತದೆ. ಒತ್ತಿದರೆ ನೀರು ಮೇಲೆ ಚಿಮ್ಮಬೇಕಲ್ಲವೇ, ಒಣಗುವುದೇಕೆ? ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ಇದಕ್ಕೆ ಕಾರಣ ಹೇಳಿದರು. ಒತ್ತೊತ್ತಾಗಿ ಕೂತಿರುವ ಮರಳಿನ ಕಣಗಳು ಭಾರ ಬಿದ್ದಾಗ ಒಂದರ ಮೇಲೊಂದು ಜರುಗಬೇಕಾಗುತ್ತದೆ. ಜರುಗುವಾಗ ಅವುಗಳ ನಡುವಿನ ಸಂದುಗಳು ದೊಡ್ಡದಾಗುತ್ತವೆ. ಮೇಲಿದ್ದ ನೀರು ಆ ಸಂದುಗಳಿಗೆ ಇಳಿಯುತ್ತದೆ. ಕಾರಣ ತಿಳಿದ ಮೇಲೂ ನಾನು ಪ್ರತಿದಿನ ಬೇಕೆಂದೇ ಅಂಥ ಮರಳನ್ನು ಹುಡುಕಿ ತುಳಿಯುತ್ತೇನೆ.

ದೂರದೀಪ:

ಚರ್ಚೆ ಬಹಳ ಸೊಗಸಾಗಿ ಸಾಗುತ್ತಿದೆ, ಆದರೆ ಒಳನಾಡಿಗ ದಂಪತಿ ಇದನ್ನು ಓದಿ ಮನೆ ಖರೀದಿಸುವ ಮೊದಲು ಕೆಲವು ಅಪ್ರಿಯ ಸಂಗತಿಗಳನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ಹಾರುವ ಸೂಕ್ಷ್ಮ ಹನಿಗಳ ಮೂಲಕ ಅದರಲ್ಲಿ ಒಂದಿಷ್ಟು ಮನೆಯೊಳಗೆ ಬಂದು ಕಿಟಕಿಯ ಕೊಂಡಿ, ಬಾಗಿಲ ಬಿಜಾಗರಿ, ಸೈಕಲ್ಲಿನ ಸರಪಳಿ, ಫ್ರಿಜ್ಜಿನ ಹಿಂಬದಿ ಎಲ್ಲದರ ಮೇಲೂ ಕೂರುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇಕಡಾ 75ನ್ನು ಮೀರಿತೆಂದರೆ ಈ ಉಪ್ಪು ತೇವವನ್ನು ಹೀರಿ ತಾನೇ ನೀರಾಗುತ್ತದೆ, ಆ ಉಪ್ಪುನೀರಿನ ಪದರದ ಕೆಳಗೆ ಕಬ್ಬಿಣ ಬಿಡುವಿಲ್ಲದೆ ತುಕ್ಕು ಹಿಡಿಯುತ್ತದೆ. ಕಾಂಕ್ರೀಟಿನ ಒಳಗಿನ ಸರಳುಗಳೂ ಇದಕ್ಕೆ ಹೊರತಲ್ಲ. ದಂಡೆಯ ಮನೆಯ ದುರಸ್ತಿ ಎಂದಿಗೂ ಮುಗಿಯುವುದಿಲ್ಲ.

ಊರು ಸಣ್ಣದಾಗಿರುವುದರ ಕಷ್ಟವೂ ಇದೆ. ನೀವು ಯಾವಾಗ ಎದ್ದಿರಿ, ಯಾರು ನಿಮ್ಮ ಮನೆಗೆ ಬಂದರು, ಏಕೆ ಬಂದರು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಪ್ರವಾಸಿಗರ ತಿಂಗಳುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಿರುಗಾಳಿಯ ತಿಂಗಳುಗಳಲ್ಲಿ ಮಾತಾಡಲು ಜನರಿರುವುದಿಲ್ಲ. ತಜ್ಞ ವೈದ್ಯರು ಬೇಕೆಂದರೆ ದೂರ ಹೋಗಬೇಕು. ನಿವೃತ್ತರಿಗೆ ಇದು ಸಣ್ಣ ವಿಷಯವಲ್ಲ. ಸುಖಗಳ ಪಟ್ಟಿಯನ್ನು ಮಾಡುವಾಗ ಇವನ್ನು ಮುಚ್ಚಿಡಬಾರದು.

ಉಪ್ಪುಗಾಳಿ:

ದೂರದೀಪ ಅವರೇ, ವೈದ್ಯರ ವಿಚಾರದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ತುಕ್ಕಿನ ವಿಚಾರದಲ್ಲಿ ಮಾತ್ರ ನನ್ನ ಅನಿಸಿಕೆ ಸ್ವಲ್ಪ ಬೇರೆ. ಎಲ್ಲರ ಬಿಜಾಗರಿಯೂ ಕಿರುಗುಟ್ಟುವ ಊರಿನಲ್ಲಿ ಯಾರೂ ಹೊಸ ವಸ್ತುವನ್ನು ತಂದು ಮೆರೆಯಲು ಹೋಗುವುದಿಲ್ಲ. ಎರಡನೆಯ ವರ್ಷಕ್ಕೆ ಅದೂ ಹಳೆಯದೇ. ಎಣ್ಣೆಯ ಡಬ್ಬಿಯೂ ಉಪ್ಪುಕಾಗದವೂ ಮನೆಯಿಂದ ಮನೆಗೆ ಓಡಾಡುತ್ತವೆ, ಅವುಗಳ ಜೊತೆಗೆ ಮಾತೂ ಓಡಾಡುತ್ತದೆ. ನೆರೆಯವರ ಪರಿಚಯ ನನಗೆ ಆದದ್ದು ಬಹುಮಟ್ಟಿಗೆ ಇಂಥ ದುರಸ್ತಿಗಳ ನೆಪದಲ್ಲಿಯೇ.

ಹಳೇಲಂಗರು:

ನಾನು ಹುಟ್ಟಿನಿಂದಲೂ ದಂಡೆಯವನು, ನಮ್ಮ ಮನೆಯವರೆಲ್ಲ ದೋಣಿಯ ಕೆಲಸದವರು. ಹೊಸಬರು ಕಡಲನ್ನು ನೋಡುತ್ತಾರೆ, ನಾವು ಕಡಲಿನ ಮೇಲಿರುವವರನ್ನು ನೋಡುತ್ತೇವೆ. ಈ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನೀರಂಚಿನಲ್ಲಿ ನಿಂತ ಮನುಷ್ಯನ ಕಣ್ಣಿಗೆ ಬಾನಂಚು ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ ಮಾತ್ರ. ಕಣ್ಣು ಹತ್ತು ಮೀಟರ್ ಎತ್ತರಕ್ಕೆ ಬರುವಂತೆ ದಿಬ್ಬವನ್ನೋ ಮಹಡಿಯನ್ನೋ ಹತ್ತಿ ನಿಂತರೆ ಅದು ಹನ್ನೊಂದು ಕಿಲೋಮೀಟರಿಗೂ ಸ್ವಲ್ಪ ಆಚೆ ಸರಿಯುತ್ತದೆ. ಕಡಲೂರುಗಳಲ್ಲಿ ಎತ್ತರದ ಒಂದು ಜಾಗದಲ್ಲಿ ಯಾವಾಗಲೂ ಯಾರಾದರೂ ಕೂತಿರುತ್ತಾರಲ್ಲ, ಅದರ ಹಿಂದಿನ ಲೆಕ್ಕ ಇದು. ದೋಣಿ ಮರಳುವಾಗ ಮೊದಲು ಕಂಬದ ತುದಿ ಕಾಣುತ್ತದೆ, ಬಳಿಕ ಉಳಿದ ಭಾಗ ಮೇಲೆದ್ದು ಬರುತ್ತದೆ. ಇನ್ನೂ ಬಣ್ಣವೇ ಸರಿಯಾಗಿ ಕಾಣದಿದ್ದಾಗ, ಅದು ಅಲೆಗೆ ಓಲಾಡುವ ರೀತಿಯಿಂದಲೇ ಯಾರ ದೋಣಿಯೆಂದು ಕಂಡುಹಿಡಿಯುವವರು ನಮ್ಮಲ್ಲಿದ್ದಾರೆ. ದೂರದೀಪ ಅವರು ಹೇಳಿದಂತೆ ಇಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುತ್ತದೆ ಎಂಬುದು ನಿಜ. ಅದರಿಂದಲೇ ಹೊತ್ತಿಗೆ ಬಾರದ ದೋಣಿ ಯಾವುದೆಂಬುದೂ ಕೂಡಲೇ ಗೊತ್ತಾಗುತ್ತದೆ, ಹುಡುಕಲು ಹೊರಡುವುದಕ್ಕೆ ಯಾರೂ ಅಪ್ಪಣೆಗಾಗಿ ಕಾಯುವುದಿಲ್ಲ.

ಅಲೆಗಳನ್ನು ಓದುವುದೂ ಒಂದು ಸುಖವೇ. ಗಾಳಿಯ ಸುಳಿವೇ ಇಲ್ಲದ ದಿನವೂ ಕೆಲವೊಮ್ಮೆ ದೊಡ್ಡ ತೆರೆಗಳು ಒಂದರ ಹಿಂದೊಂದು ನಿಧಾನವಾಗಿ ಬಂದು ದಂಡೆಗೆ ಅಪ್ಪಳಿಸುತ್ತವೆ. ಅವು ಬಹುದೂರದಲ್ಲಿ ಎಂದೋ ಬೀಸಿದ ಬಿರುಗಾಳಿಯ ಅಲೆಗಳು. ಸಾಗರವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ಶಾಂತಸಾಗರದ ಉದ್ದಕ್ಕೂ ಅಳತೆಯ ಕೇಂದ್ರಗಳನ್ನು ಇಟ್ಟು, ದಕ್ಷಿಣದ ಶೀತ ಸಾಗರದಲ್ಲಿ ಹುಟ್ಟಿದ ಅಲೆಗಳು ಅಲಾಸ್ಕದವರೆಗೂ ತಲುಪುವುದನ್ನು ತೋರಿಸಿದರು. ಎರಡು ತೆರೆಗಳ ನಡುವಿನ ಅಂತರ ಹೆಚ್ಚಾದಷ್ಟೂ ಅವು ದೂರದಿಂದ ಬಂದಿರುವ ಸಂಭವ ಹೆಚ್ಚು ಎಂದು ಹಿರಿಯರು ಯಾವ ಉಪಕರಣವೂ ಇಲ್ಲದೆ ತಿಳಿದಿದ್ದರು.

ಹಾಗೆಯೇ ಸೆಳವನ್ನು ಗುರುತಿಸುವುದನ್ನೂ ಬಂದ ವಾರದಲ್ಲೇ ಕಲಿಯಿರಿ. ಎಡಬಲಗಳಲ್ಲಿ ಅಲೆಗಳು ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ತುಸು ಕಪ್ಪಾಗಿ ಕಂಡರೆ ಹೊಸಬರು ಸ್ನಾನಕ್ಕೆ ಅದೇ ಒಳ್ಳೆಯ ಜಾಗವೆಂದು ಇಳಿಯುತ್ತಾರೆ. ದಂಡೆಗೆ ಬಂದು ಸೇರಿದ ನೀರೆಲ್ಲ ಹಿಂದಕ್ಕೆ ಹರಿಯುವ ದಾರಿ ಅದು. ಸಿಲುಕಿದರೆ ದಡದ ಕಡೆಗೆ ಈಜಿ ಆಯಾಸಪಡದೆ, ದಂಡೆಗೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು.

ಒಳನಾಡಿಗ:

ಎಲ್ಲರಿಗೂ ಧನ್ಯವಾದಗಳು. ದೂರದೀಪ ಅವರ ಮಾತುಗಳನ್ನು ನನ್ನ ಹೆಂಡತಿ ಎರಡು ಸಲ ಓದಿಸಿಕೊಂಡರು. ಹಳೇಲಂಗರು ಅವರ ಮಾತುಗಳನ್ನು ನಾನು. ಇನ್ನೊಂದು ಪ್ರಶ್ನೆಯಿದೆ. ಹಗಲಿನ ಮಾತು ಸಾಕಷ್ಟು ಬಂದಿತು, ರಾತ್ರಿಗಳು ಹೇಗಿರುತ್ತವೆ? ಕತ್ತಲಾದ ಮೇಲೆ ಅಂಥ ಊರಿನಲ್ಲಿ ಬೇಸರವಾಗುವುದಿಲ್ಲವೇ?

ನೊರೆತೆರೆ:

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ ಎನ್ನಬಹುದು, ಏಕೆಂದರೆ ನನಗೆ ಕಡಲೂರು ಮೆಚ್ಚುಗೆಯಾಗುವುದು ರಾತ್ರಿಯಲ್ಲಿಯೇ.

ಮೊದಲು ಗಾಳಿಯ ವಿಷಯ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಇಳಿಮಧ್ಯಾಹ್ನ ಇದರ ಜೋರು ಹೆಚ್ಚು. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿಯ ದಿಕ್ಕು ತಿರುಗಿ ನೆಲದಿಂದ ಕಡಲಿನತ್ತ ಬೀಸತೊಡಗುತ್ತದೆ. ಈ ಎರಡರ ನಡುವೆ, ಸಂಜೆ ಕಳೆದ ಮೇಲೆ, ಗಾಳಿ ಪೂರ್ತಿ ನಿಂತುಬಿಡುವ ಒಂದು ಹೊತ್ತು ಬರುತ್ತದೆ. ಸೆಕೆಗೆ ಎಲ್ಲರೂ ಮನೆಯಿಂದ ಹೊರಬಂದು ಜಗಲಿಯಲ್ಲೋ ಮರಳಿನ ಮೇಲೋ ಕೂರುತ್ತಾರೆ. ಊರಿನ ಮುಖ್ಯ ಮಾತುಕತೆಗಳೆಲ್ಲ, ಮದುವೆಯ ಪ್ರಸ್ತಾಪದಿಂದ ಹಿಡಿದು ದಾರಿದೀಪದ ದೂರಿನವರೆಗೆ, ನಡೆಯುವುದು ಆ ಹೊತ್ತಿನಲ್ಲಿಯೇ. ಗಾಳಿ ಮತ್ತೆ ಬೀಸಿತೆಂದರೆ ಒಬ್ಬೊಬ್ಬರಾಗಿ ಏಳುತ್ತಾರೆ.

ಎರಡನೆಯದು, ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. ನಾಕ್ಟಿಲ್ಯೂಕ ಮೊದಲಾದ ಏಕಕೋಶ ಜೀವಿಗಳು ನೀರಿನಲ್ಲಿ ಹೇರಳವಾಗಿದ್ದಾಗ, ನೀರು ಕದಡಿದ ಕಡೆಯಲ್ಲೆಲ್ಲ ಅವು ಬೆಳಕನ್ನು ಮಿನುಗಿಸುತ್ತವೆ. ಚಂದ್ರನಿಲ್ಲದ ರಾತ್ರಿ ನೀರಿನಲ್ಲಿ ಕೈಯಾಡಿಸಿದರೆ ಬೆರಳುಗಳ ಸುತ್ತ ಬೆಳಕು, ಒದ್ದೆ ಮರಳನ್ನು ತುಳಿದರೆ ಹೆಜ್ಜೆಯ ಸುತ್ತ ಕಿಡಿಗಳು. ಯಾವ ರಾತ್ರಿ ಹೊಳೆಯುತ್ತದೆಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಮೊದಲು ಕಂಡವರು ಬಾಗಿಲು ಬಡಿದು ನೆರೆಯವರನ್ನು ಎಬ್ಬಿಸುತ್ತಾರೆ, ನಿದ್ದೆಗೆಡಿಸಿದ್ದಕ್ಕೆ ಯಾರೂ ಬೈಯುವುದಿಲ್ಲ.

ಮೂರನೆಯದು ಆಮೆಗಳು. ಕಡಲಾಮೆ ದಂಡೆಯಲ್ಲಿ ಮೊಟ್ಟೆಯಿಟ್ಟು ಹೋದ ಸುಮಾರು ಎರಡು ತಿಂಗಳಲ್ಲಿ ಮರಿಗಳು, ಸಾಮಾನ್ಯವಾಗಿ ರಾತ್ರಿಯ ಹೊತ್ತು, ಮರಳಿನಿಂದ ಮೇಲೆದ್ದು ಬರುತ್ತವೆ. ಹೆಚ್ಚು ಬೆಳಕು ಕಾಣುವ ಬಾನಂಚಿನ ಕಡೆಗೆ ತೆವಳುವುದು ಅವುಗಳ ಸ್ವಭಾವ. ಸಹಜವಾದ ದಂಡೆಯಲ್ಲಿ ಅದು ಸಮುದ್ರದ ದಿಕ್ಕು, ದೀಪಗಳಿರುವ ದಂಡೆಯಲ್ಲಿ ಅದು ರಸ್ತೆಯ ದಿಕ್ಕು. ಆದ್ದರಿಂದ ಆ ದಿನಗಳಲ್ಲಿ ಕಡಲಿಗೆ ಮುಖ ಮಾಡಿದ ಮನೆಗಳ ಹೊರದೀಪಗಳನ್ನು ಆರಿಸುತ್ತೇವೆ. ಇಡೀ ಸಾಲು ಕತ್ತಲಾಗಬೇಕಾದರೆ ಪ್ರತಿಯೊಂದು ಮನೆಯೂ ಒಪ್ಪಬೇಕು. ಒಂದು ಮನೆಯ ದೀಪ ಉರಿದರೂ ಮರಿಗಳು ಅತ್ತಲೇ ಹೋಗುತ್ತವೆ. ದೊಡ್ಡ ನಗರದಲ್ಲಿ ಇಂಥ ಒಪ್ಪಿಗೆಯನ್ನು ನಾನು ಕಲ್ಪಿಸಿಕೊಳ್ಳಲಾರೆ. ಸಣ್ಣ ಊರಿನಲ್ಲಿ ಅದಕ್ಕೆ ಸಭೆಯೂ ಬೇಕಾಗುವುದಿಲ್ಲ, ಸಂಜೆ ಮಕ್ಕಳು ಮನೆಮನೆಗೆ ಹೋಗಿ ನೆನಪಿಸಿದರೆ ಸಾಕು. ಕತ್ತಲಲ್ಲಿ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿರುವಾಗ, ಅಂಗೈಗಿಂತ ಚಿಕ್ಕದಾದ ಮರಿಯೊಂದು ಯಾರದೋ ಹೆಜ್ಜೆಗುಳಿಯಲ್ಲಿ ಬಿದ್ದು, ಹೊರಳಿ, ಅಂಚನ್ನು ಹತ್ತಿ ಮತ್ತೆ ಹೊರಡುತ್ತದೆ. ಮಾರನೆಯ ದಿನದಿಂದ ದಂಡೆಯಲ್ಲಿ ಆಡುವ ಮಕ್ಕಳು ತಾವು ತೋಡಿದ ಗುಂಡಿಗಳನ್ನು ತಾವಾಗಿಯೇ ಮುಚ್ಚಿ ಮನೆಗೆ ಹೋಗುತ್ತಾರೆ.

ಮರಳೇಡಿ:

ನೊರೆತೆರೆ ಅವರ ಹೊಳೆಯುವ ಅಲೆಗಳಿಗೆ ಒಂದು ಅಡಿಮಾತು. ಆ ಜೀವಿಗಳು ಅತಿಯಾಗಿ ಹೆಚ್ಚಿದಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳಿಗೆ ತೊಂದರೆಯಾಗುವುದುಂಟು. ನಮ್ಮ ಊರಿನ ದೋಣಿಯವರು ಹೊಳಪನ್ನು ಕಂಡು ಸಂಭ್ರಮಿಸುವುದಿಲ್ಲ, ಬೆಳಗ್ಗೆ ನೀರಿನ ಬಣ್ಣ ಹೇಗಿದೆಯೆಂದು ಮೊದಲು ನೋಡುತ್ತಾರೆ. ನೋಡುವವರ ಸುಖಕ್ಕೂ ದುಡಿಯುವವರ ಸುಖಕ್ಕೂ ಎಲ್ಲ ರಾತ್ರಿಯೂ ತಾಳೆಯಾಗುವುದಿಲ್ಲ ಎಂಬುದು ಹೊಸಬರ ಗಮನದಲ್ಲಿರಲಿ.

ಹಳೇಲಂಗರು:

ಮರಳೇಡಿ ಅವರ ಮಾತು ಸರಿಯಾಗಿದೆ. ಹಾಗೆಂದು ಹೊಳೆಯುವ ನೀರಿನಲ್ಲಿ ಹುಟ್ಟು ಹಾಕುವಾಗ ನಮಗೂ ಸಂತೋಷವಾಗುವುದಿಲ್ಲ ಎಂದೇನೂ ಅಲ್ಲ. ಹೇಳಿಕೊಳ್ಳುವುದಿಲ್ಲ, ಅಷ್ಟೇ.

ದೂರದೀಪ:

ಒಳನಾಡಿಗರೇ, ಎಲ್ಲರ ಮಾತು ಕೇಳಿದ ಮೇಲೆ ನನ್ನ ಸಲಹೆಯಿದು: ಮನೆ ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡಿ, ಅದೂ ಬಿರುಗಾಳಿಯ ತಿಂಗಳುಗಳಲ್ಲಿ. ಆಗ ಎತ್ತರದ ಅಲೆಗಳು ದಂಡೆಯ ಮರಳನ್ನು ಕೊರೆದು ಒಯ್ದು ಸ್ವಲ್ಪ ಆಳದಲ್ಲಿ ದಿಣ್ಣೆಗಳಾಗಿ ಪೇರಿಸುತ್ತವೆ. ಸಮುದ್ರ ಶಾಂತವಾದ ತಿಂಗಳುಗಳಲ್ಲಿ ಸಣ್ಣ ಅಲೆಗಳು ಅದೇ ಮರಳನ್ನು ತಂದು ಮತ್ತೆ ದಂಡೆಗೆ ಹಾಕುತ್ತವೆ. ಒಂದೇ ದಂಡೆ ಆರು ತಿಂಗಳ ಅಂತರದಲ್ಲಿ ಗುರುತು ಸಿಗದಷ್ಟು ಬದಲಾಗುತ್ತದೆ. ಹೋದ ಮರಳು ಮರಳಿ ಬರುವ ದಂಡೆ ಆರೋಗ್ಯವಾಗಿದೆಯೆಂದು ಅರ್ಥ. ನದಿಗಳಿಗೆ ಅಣೆಕಟ್ಟು ಕಟ್ಟಿ ಮರಳಿನ ಪೂರೈಕೆ ನಿಂತಿರುವ ಕಡೆ, ತಡೆಗೋಡೆಗಳು ಮರಳಿನ ಓಡಾಟವನ್ನು ತಡೆದಿರುವ ಕಡೆ ಅದು ಬಾರದಿರಬಹುದು. ಊರಿನ ಹಿರಿಯರನ್ನು ‘ಈ ದಂಡೆ ನಿಮ್ಮ ಬಾಲ್ಯದಲ್ಲಿ ಎಲ್ಲಿಯವರೆಗಿತ್ತು?’ ಎಂದು ಕೇಳಿ. ಅವರ ಕೈ ನೀರಿನೊಳಗಿನ ಜಾಗವನ್ನು ತೋರಿಸಿದರೆ ಆ ಊರಿನಲ್ಲಿ ಬಾಡಿಗೆಗೆ ಮಾತ್ರ ಇರಿ.

ನಾನು ಕಷ್ಟಗಳನ್ನಷ್ಟೇ ಹೇಳಿದೆನೆಂದು ಭಾವಿಸಬೇಡಿ. ಬಿರುಗಾಳಿ ಅಡಗಿದ ಮಾರನೆಯ ಬೆಳಗ್ಗೆ ಊರಿಗೆ ಊರೇ ದಂಡೆಗೆ ಬಂದು, ಯಾವ ಮನೆಯ ಹೆಂಚು ಹಾರಿದೆ, ಯಾವ ದೋಣಿಯ ಹಗ್ಗ ಕಡಿದಿದೆ ಎಂದು ನೋಡಿಕೊಂಡು, ಕೇಳದೆಯೇ ಕೈಹಚ್ಚುತ್ತದೆ. ಕಡಲು ಏನೇನನ್ನು ತಂದು ಹಾಕಿದೆಯೆಂದು ಹುಡುಕುವ ಮಕ್ಕಳ ಗಲಾಟೆ ಬೇರೆ. ತುಕ್ಕು, ದುರಸ್ತಿ, ಒಂಟಿತನ ಎಲ್ಲವನ್ನೂ ಬಲ್ಲ ನಾನು ಇನ್ನೂ ಇಲ್ಲಿಯೇ ಇರುವುದಕ್ಕೆ ಆ ಬೆಳಗುಗಳು ಬಹುಮಟ್ಟಿಗೆ ಕಾರಣ.

ಒಳನಾಡಿಗ:

ಬಾಡಿಗೆಯ ಸಲಹೆಯನ್ನು ಇಬ್ಬರೂ ಒಪ್ಪಿದ್ದೇವೆ, ಬಿರುಗಾಳಿಯ ತಿಂಗಳುಗಳಿಗೇ ಮನೆ ಹುಡುಕುತ್ತೇವೆ. ಕೊನೆಯದಾಗಿ ಒಂದು ಪ್ರಶ್ನೆ: ಮನೆ ನೀರಿಗೆ ಎಷ್ಟು ಹತ್ತಿರವಿದ್ದರೆ ಚೆನ್ನ?

ಉಪ್ಪುಗಾಳಿ:

ಮೊದಲ ಸಾಲಿನ ಮನೆ ಬೇಡ. ಅಲ್ಲಿ ಉಪ್ಪೂ ಹೆಚ್ಚು, ಮಲಗುವ ಕೋಣೆಗೆ ಇಣುಕುವ ಪ್ರವಾಸಿಗರೂ ಹೆಚ್ಚು. ದಿಬ್ಬದ ಅಥವಾ ಮರಗಳ ಸಾಲಿನ ಹಿಂದೆ, ನೆಲಮಟ್ಟ ಸ್ವಲ್ಪ ಎತ್ತರವಾಗಿರುವ ಕಡೆ ನೋಡಿ. ರಾತ್ರಿ ಕಿಟಕಿ ತೆರೆದರೆ ಅಲೆಯ ಸದ್ದು ಕೇಳಬೇಕು, ಮುಚ್ಚಿದರೆ ಕೇಳಬಾರದು. ಅಷ್ಟು ದೂರ ಸಾಕು. ದಂಡೆಗೆ ಹೋಗುವ ದಾರಿ ಮಾತ್ರ ನಾಲ್ಕಾರು ಮನೆಗಳ ಮುಂದೆ ಹಾದುಹೋಗುವಂತಿರಲಿ. ಆ ಜಗಲಿಗಳಲ್ಲಿ ಕೂತವರು ದಿನವೂ ‘ಈಗ ಹೋಗಬೇಡಿ, ನೀರು ಇನ್ನೂ ಏರುತ್ತಿದೆ’ ಎಂದು ಹೇಳಿ ನಿಮ್ಮನ್ನು ಅಲ್ಲಿಯೇ ಕೂರಿಸಿಕೊಳ್ಳುತ್ತಾರೆ.